ಸಂಬಳವಿಲ್ಲದ ಕಾವಲುಗಾರರು

ಸಿದ್ದಾಪುರವೆಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿ ಒಂದೆರಡಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ ಆ ಹೆಸರಿನ ತಾಲ್ಲೂಕೇ ಇರುವುದು. ಕೊಡಗಿನಲ್ಲಿ ಕಾಫಿತೋಟಗಳ ನಡುವೆ ಒಂದುಂಟು. ಕುಂದಾಪುರದ ಸೀಮೆಯಲ್ಲಿ ಒಂದುಂಟು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಮತ್ತೊಂದುಂಟು. ನಾವು ಈ ತಿಂಗಳು ಮಾತಿಗೆ ತೆಗೆದುಕೊಂಡಿರುವುದು ಇವಾವುದನ್ನೂ ಅಲ್ಲ. ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರನ್ನುಂಡು ಬತ್ತ ಬೆಳೆಯುವ ನಮ್ಮ ಸಿದ್ದಾಪುರವನ್ನು. ಮೊದಲು ಗಂಗಾವತಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕಾರಟಗಿ ತಾಲ್ಲೂಕಿನದು.

ಈ ಊರಿನ ಒಬ್ಬ ತರುಣನನ್ನು ವಾಚಕರು ಊಹಿಸಿಕೊಳ್ಳಲಿ. ಕಾಲೇಜಿನಲ್ಲಿ ಓದುವವನು, ಹುಟ್ಟಿದೂರಿನ ಮೇಲೆ ಅಭಿಮಾನವುಳ್ಳವನು. ಪರೀಕ್ಷೆಗೆಂದು ಓದುತ್ತಿದ್ದ ಪುಸ್ತಕದಲ್ಲಿ ಅಶೋಕನ ಶಾಸನಗಳು ದೊರೆತ ಸ್ಥಳಗಳ ಪಟ್ಟಿಯಲ್ಲಿ ಅವನಿಗೆ ಸಿದ್ದಾಪುರವೆಂಬ ಹೆಸರು ಕಾಣುವುದು. ಹುಡುಗನ ಎದೆ ಹಿಗ್ಗುವುದು. ಆ ರಾತ್ರಿಯೇ ತನ್ನ ಮೊಬೈಲನ್ನು ತೆರೆದು, ಕನ್ನಡ ವಿಕಿಪೀಡಿಯವೆಂಬ ವಿಶ್ವಕೋಶದಲ್ಲಿ ತನ್ನ ಊರಿನ ಪುಟಕ್ಕೆ, ಇಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆಯೆಂದು ಒಂದು ಸಾಲನ್ನು ಸೇರಿಸುವನು. ಮರುದಿನ ನೋಡಿದರೆ ಆ ಸಾಲು ಅಲ್ಲಿಲ್ಲ. ಯಾರೋ ಅದನ್ನು ತೆಗೆದುಹಾಕಿರುವರು. ಕಾರಣವೆಂದು ‘ಇದು ಬೇರೆ ಸಿದ್ದಾಪುರ’ ಎಂದು ಎರಡೇ ಮಾತು ಬರೆದಿರುವರು. ಹುಡುಗನಿಗೆ ಕೋಪ ಬರುವುದು. ಎಲ್ಲಿಯೋ ಮೈಸೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತವನು, ನಮ್ಮ ಕಾಲುವೆಯ ಏರಿಯನ್ನೇ ಕಾಣದವನು, ನಮ್ಮೂರ ಕೀರ್ತಿಯನ್ನು ಅಳಿಸಲು ಯಾವ ಅಧಿಕಾರದಿಂದ ಬಂದನು ಎಂದು ಅವನು ಕೇಳುವನು. ಸಾಲನ್ನು ಮತ್ತೆ ಸೇರಿಸುವನು. ಅದು ಮತ್ತೆ ಮಾಯವಾಗುವುದು.

ಇದು ಹೀಗೆಯೇ ನಡೆಯಿತೆಂದು ನಾವು ಹೇಳುತ್ತಿಲ್ಲ. ಇಂತಹುದು ದಿನವೂ ಎಲ್ಲಿಯಾದರೂ ನಡೆಯುತ್ತಿರುವುದೆಂದು ಮಾತ್ರ ಹೇಳುವೆವು. ಹುಡುಗನ ಪ್ರಶ್ನೆಯು ಕೋಪದಿಂದ ಹುಟ್ಟಿದುದಾದರೂ ಅರ್ಥವಿಲ್ಲದ್ದಲ್ಲ. ಅಳಿಸಿದವನಿಗೆ ಅಧಿಕಾರವನ್ನು ಕೊಟ್ಟವರಾರು? ಅವನು ತಪ್ಪಿದರೆ ಕೇಳುವವರಾರು? ಒಂದು ಭಾಷೆಯ ಮಕ್ಕಳು ಓದಿ ನಂಬುವ ಜ್ಞಾನಕ್ಕೆ ಯಾರೂ ಸಂಬಳ ಕೊಡದ ಕಾವಲುಗಾರರೇ ಗತಿಯಾದರೆ, ಆ ಕಾವಲಿಗೆ ಧರ್ಮವೆಂಬುದು ಏನು?

ಮೊದಲು ವಿವಾದದ ವಸ್ತುವನ್ನೇ ತೀರಿಸಿಬಿಡೋಣ. ಅಶೋಕನ ಶಾಸನವಿರುವ ಸಿದ್ದಾಪುರವು ಮೊಳಕಾಲ್ಮೂರು ತಾಲ್ಲೂಕಿನದು. ಅಲ್ಲಿಯೂ, ಸಮೀಪದ ಬ್ರಹ್ಮಗಿರಿ, ಜಟಿಂಗ ರಾಮೇಶ್ವರಗಳಲ್ಲಿಯೂ ಇದ್ದ ಮೂರು ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಆದುದರಿಂದ ತೆಗೆದುಹಾಕಿದವನ ತೀರ್ಪು ಸರಿಯಾದುದೇ. ಆದರೆ ನಮ್ಮ ತರುಣನು ಬರಿಗೈಯಲ್ಲಿ ಹಿಂದಿರುಗಬೇಕಾದ ಕಾರಣವಿರಲಿಲ್ಲ. ಅವನದೇ ಜಿಲ್ಲೆಯ ಮುಖ್ಯಪಟ್ಟಣವಾದ ಕೊಪ್ಪಳದಲ್ಲಿ, ಗವಿಮಠದ ಬೆಟ್ಟದ ಮೇಲೊಂದು, ಪಾಲ್ಕಿಗುಂಡುವಿನ ಮೇಲೊಂದು, ಹೀಗೆ ಅಶೋಕನ ಎರಡು ಶಾಸನಗಳು ೧೯೩೧ರಲ್ಲಿ ದೊರೆತುವು. ಅಳಿಸಿದವನು ಎರಡು ಮಾತಿನ ಬದಲು ನಾಲ್ಕು ಮಾತು ಬರೆದು ಇದನ್ನು ತಿಳಿಸಿದ್ದರೆ, ಹುಡುಗನು ಕೋಪಗೊಳ್ಳುವುದಕ್ಕೆ ಬದಲಾಗಿ ಮುಂದಿನ ಭಾನುವಾರ ಕೊಪ್ಪಳದ ಬಸ್ಸು ಹತ್ತುತ್ತಿದ್ದನು. ಸತ್ಯವನ್ನು ಕಾಪಾಡುವುದು ಒಂದು ಕೆಲಸ; ಅದನ್ನು ಕಾಪಾಡುವಾಗ ಮನುಷ್ಯನನ್ನು ಕಳೆದುಕೊಳ್ಳದಿರುವುದು ಇನ್ನೊಂದು ಕೆಲಸ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟವೆಂದು ನಮ್ಮ ಅಭಿಪ್ರಾಯ.

ಈ ವಿಶ್ವಕೋಶದ ರೀತಿಯನ್ನು ಅರಿಯದ ಗೃಹಸ್ಥರಿಗಾಗಿ ಎರಡು ಮಾತು. ಶಿವರಾಮ ಕಾರಂತರು ೧೯೩೬ರಲ್ಲಿ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಹೊರತಂದಾಗ ಅದರ ಹೊಣೆಯೆಲ್ಲ ಅವರೊಬ್ಬರದೇ ಆಗಿದ್ದಿತು, ತಪ್ಪಿದ್ದರೆ ಕೇಳಲು ರಟ್ಟಿನ ಮೇಲೆಯೇ ಹೆಸರಿದ್ದಿತು. ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಮೊದಲ ಸಂಪುಟವನ್ನು ೧೯೬೯ರಲ್ಲಿ ಪ್ರಕಟಿಸಿದಾಗ ಅಲ್ಲಿ ಸಂಪಾದಕ ಮಂಡಲಿಯಿದ್ದಿತು, ವಿಷಯತಜ್ಞರಿದ್ದರು, ಸಂಬಳವೂ ಇದ್ದಿತು. ೨೦೦೩ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯದಲ್ಲಿ ಇವೊಂದೂ ಇಲ್ಲ. ಯಾರು ಬೇಕಾದರೂ ಬರೆಯಬಹುದು. ಯಾರು ಬರೆದುದನ್ನು ಯಾರು ಬೇಕಾದರೂ ತಿದ್ದಬಹುದು. ಪದವಿಯನ್ನು ಕೇಳುವವರಿಲ್ಲ, ಜಾತಿಯನ್ನು ಕೇಳುವವರಿಲ್ಲ, ವಯಸ್ಸನ್ನು ಕೇಳುವವರಿಲ್ಲ. ಹೀಗೆ ಬೆಳೆದು ಅದರಲ್ಲಿ ಮೂವತ್ತು ಸಾವಿರಕ್ಕೂ ಮೀರಿ ಲೇಖನಗಳಾಗಿರುವುವು. ಇಂಗ್ಲಿಷಿನ ಅರುವತ್ತು ಲಕ್ಷಕ್ಕೂ ಮೀರಿದ ಲೇಖನಗಳ ಮುಂದೆ ಇದು ಅಲ್ಪವೇ ಸರಿ. ೨೦೧೧ರ ಜನಗಣತಿಯಲ್ಲಿ ನಾಲ್ಕು ಕೋಟಿಗೂ ಮಿಕ್ಕ ಜನರು ಕನ್ನಡವನ್ನು ಮಾತೃಭಾಷೆಯೆಂದು ಬರೆಯಿಸಿದ್ದರೆಂಬುದನ್ನು ನೆನೆದರೆ ಇನ್ನೂ ಅಲ್ಪವಾಗಿ ಕಾಣುವುದು.

ಯಾರು ಬೇಕಾದರೂ ಬರೆಯಬಹುದಾದ ಗೋಡೆಯ ಮೇಲೆ ಯಾರು ಏನು ಬರೆಯುವರೆಂಬುದು ನಮ್ಮ ಊರುಗಳ ಬಸ್ ನಿಲ್ದಾಣವನ್ನು ಕಂಡವರಿಗೆ ಹೇಳಬೇಕಾದುದಿಲ್ಲ. ಬೈಗುಳ, ಅಂಗಡಿಯ ಜಾಹೀರಾತು, ಪುಢಾರಿಯ ಹೊಗಳಿಕೆ, ಎದುರಾಳಿಯ ನಿಂದೆ, ಬೇರೆಯವರ ಪುಸ್ತಕದಿಂದ ಎತ್ತಿದ ಪುಟಗಳು, ಇವೆಲ್ಲವೂ ಬಂದು ಬೀಳುವುವು. ಇದನ್ನು ಗುಡಿಸುವುದಕ್ಕಾಗಿ ಬರೆಯುವವರು ತಮ್ಮೊಳಗಿಂದಲೇ ಕೆಲವರನ್ನು ಆರಿಸಿ ನಿರ್ವಾಹಕರೆಂದು ನೇಮಿಸಿಕೊಳ್ಳುವರು. ಪುಟವನ್ನು ಅಳಿಸುವ, ಕೆಲಕಾಲ ಬೀಗ ಹಾಕುವ, ಹಟಮಾರಿಯಾದವನನ್ನು ತಡೆಯುವ ಕೀಲಿಗಳು ಇವರ ಕೈಯಲ್ಲಿರುವುವು. ಕನ್ನಡದಲ್ಲಿ ಇಂತಹವರು ಬೆರಳೆಣಿಕೆಯ ಮಂದಿ. ಹಗಲು ತಮ್ಮ ತಮ್ಮ ಉದ್ಯೋಗ, ರಾತ್ರಿ ಈ ಜೀತ. ಜೀತವೆಂಬ ಮಾತನ್ನು ನಾವು ಪ್ರೀತಿಯಿಂದಲೇ ಆಡಿರುವೆವು.

ಆದರೆ ಆ ಏರ್ಪಾಡಿನಲ್ಲಿ ನಮಗೆ ಅತ್ಯಂತ ಮೆಚ್ಚಿಗೆಯಾದುದು ಕೀಲಿಯಲ್ಲ, ದಫ್ತರ. ಪ್ರತಿಯೊಂದು ಪುಟಕ್ಕೂ ಇತಿಹಾಸವೆಂಬ ಒಂದು ಹಿಂಬದಿಯಿರುವುದು. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಹೆಸರಿನವನು, ಯಾವ ಅಕ್ಷರವನ್ನು ಸೇರಿಸಿದನು ಅಥವಾ ತೆಗೆದನು ಎಂಬುದೆಲ್ಲವೂ ಅಲ್ಲಿ ಉಳಿಯುವುದು. ಹಳೆಯ ಕುಲಕರ್ಣಿಯ ದಫ್ತರವು ಅವನ ಮನೆಯ ಅಟ್ಟದ ಮೇಲಿರುತ್ತಿದ್ದಿತು. ಅದನ್ನು ತೆರೆದು ನೋಡಲು ರೈತನಿಗೆ ಧೈರ್ಯವಿರುತ್ತಿರಲಿಲ್ಲ. ಇಲ್ಲಿ ದಫ್ತರವು ಚಾವಡಿಯಲ್ಲಿ ತೆರೆದಿಟ್ಟಿರುವುದು. ನಿರ್ವಾಹಕನ ಕೃತ್ಯವೂ ಅದೇ ದಫ್ತರದಲ್ಲಿ ಬರೆಯಲ್ಪಡುವುದು. ನಮ್ಮ ತರುಣನ ಪ್ರಶ್ನೆಗೆ ಅರ್ಧ ಉತ್ತರವು ಇಲ್ಲಿಯೇ ಇರುವುದು: ಅಳಿಸಿದವನಿಗೆ ನೀನೂ ನಾನೂ ಸೇರಿ ಕೊಟ್ಟುದಲ್ಲದೆ ಬೇರೆ ಅಧಿಕಾರವಿಲ್ಲ, ಮತ್ತು ಅವನು ಅಳಿಸಿದುದನ್ನು ನಾವೆಲ್ಲರೂ ನೋಡಬಹುದು.

ಉಳಿದ ಅರ್ಧಕ್ಕಾಗಿ ಸಿದ್ದಾಪುರದಿಂದ ಸ್ವಲ್ಪ ದೂರ ಹೋಗಬೇಕು. ಬಹಳ ದೂರವಲ್ಲ, ನೆರೆಯ ಕನಕಗಿರಿಯವರೆಗೆ ಮಾತ್ರ. ಕಾಲಿದ್ದವರು ಹಂಪಿಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬ ಗಾದೆಯನ್ನು ಈ ಸೀಮೆಯಲ್ಲಿ ಅರಿಯದವರಿಲ್ಲ. ಅಶೋಕನ ಕಾಲದಲ್ಲಿ ದಕ್ಷಿಣದ ಆಡಳಿತವು ಸುವರ್ಣಗಿರಿಯೆಂಬ ಪಟ್ಟಣದಿಂದ ನಡೆಯುತ್ತಿದ್ದಿತು. ಬ್ರಹ್ಮಗಿರಿ ಮತ್ತು ಆ ಮೊಳಕಾಲ್ಮೂರಿನ ಸಿದ್ದಾಪುರದ ಶಾಸನಗಳು, ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಕ್ಷೇಮವನ್ನು ಕೇಳಿ ಕಳುಹಿಸಿದ ಆಜ್ಞೆಗಳೇ ಆಗಿರುವುವು. ಸುವರ್ಣವೆಂದರೂ ಕನಕವೆಂದರೂ ಒಂದೇ ಅರ್ಥವಾದುದರಿಂದ ಆ ಸುವರ್ಣಗಿರಿಯೇ ನಮ್ಮ ಕನಕಗಿರಿಯೆಂದು ಕೆಲವು ವಿದ್ವಾಂಸರು ಹೇಳಿರುವರು. ಮಸ್ಕಿಯ ಸುತ್ತಿನಲ್ಲಿರಬೇಕೆಂದು ಕೆಲವರು ಹೇಳಿರುವರು. ಆಂಧ್ರದ ಎರ್ರಗುಡಿಯ ಆಸುಪಾಸಿನ ಜೊನ್ನಗಿರಿಯೆಂದು ಇನ್ನು ಕೆಲವರು ಹೇಳಿರುವರು. ತೀರ್ಮಾನವು ಇನ್ನೂ ಆಗಿಲ್ಲ.

ಈಗ ಕನಕಗಿರಿಯ ಅಭಿಮಾನಿಯೊಬ್ಬನು ‘ಅಶೋಕನ ದಕ್ಷಿಣ ರಾಜಧಾನಿಯು ಕನಕಗಿರಿಯೇ’ ಎಂದು ಬರೆದನೆನ್ನೋಣ. ಅದು ಸುಳ್ಳೇ? ಸುಳ್ಳೆಂದು ಹೇಳುವಂತಿಲ್ಲ. ಸತ್ಯವೇ? ಸತ್ಯವೆಂದೂ ಹೇಳುವಂತಿಲ್ಲ. ಇಂತಹ ಎಡೆಯಲ್ಲಿಯೇ ಕಾವಲುಗಾರನ ಯೋಗ್ಯತೆಯು ತಿಳಿಯುವುದು. ಸಿದ್ದಾಪುರದ ಸಾಲನ್ನು ಅಳಿಸುವುದು ಸುಲಭವಾಗಿದ್ದಿತು. ಇದನ್ನು ಅಳಿಸಲೂ ಬಾರದು, ಇದ್ದಂತೆ ಬಿಡಲೂ ಬಾರದು. ‘ಕೆಲವು ವಿದ್ವಾಂಸರು ಹೀಗೆ ಗುರುತಿಸಿರುವರು, ಬೇರೆಯವರು ಹಾಗೆ’ ಎಂದು ತಿದ್ದಿ, ಹೇಳಿದವರ ಗ್ರಂಥವನ್ನು ಕೆಳಗೆ ಕಾಣಿಸಬೇಕು. ವಿಕಿಪೀಡಿಯದ ನಿಯಮಗಳಲ್ಲಿ ಮೂರು ಮುಖ್ಯವಾದುವು. ಪಕ್ಷಪಾತವಿಲ್ಲದೆ ಬರೆಯಬೇಕು, ಬರೆದುದಕ್ಕೆ ನಂಬತಕ್ಕ ಆಧಾರವಿರಬೇಕು, ತನ್ನ ಸ್ವಂತ ಸಂಶೋಧನೆಯನ್ನು ಅಲ್ಲಿ ತಂದಿಡಬಾರದು. ಮೂರನೆಯದು ಊರಿನ ಅಭಿಮಾನಿಗಳಿಗೆ ಕಹಿಯಾಗಿ ಕಾಣುವುದು. ನಮ್ಮ ಅಜ್ಜ ಹೇಳಿದುದನ್ನು ನಾವು ಬರೆಯಬಾರದೆ? ಹಳ್ಳಿಯ ಹಿರಿಯರ ನೆನಪಿಗಿಂತ ದೊಡ್ಡ ಪುಸ್ತಕವುಂಟೆ? ಈ ಆಕ್ಷೇಪಣೆಯಲ್ಲಿ ಬಲವುಂಟೆಂದೇ ನಾವು ಹೇಳುವೆವು. ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಈ ಸೀಮೆಯ ಹಳ್ಳಿಗಳ ವಿಚಾರವಾಗಿ ಕನ್ನಡದಲ್ಲಿ ಅಚ್ಚಾಗಿರುವ ಪುಸ್ತಕಗಳೆಷ್ಟು? ಅಚ್ಚಾಗದ ಊರಿಗೆ ಆಧಾರವನ್ನು ಕೇಳುವುದೆಂದರೆ ಅಚ್ಚಾದ ಊರುಗಳಿಗೇ ಮತ್ತೆ ಮಣೆ ಹಾಕಿದಂತೆ. ಆದರೂ ಬೇರೆ ದಾರಿಯು ನಮಗೆ ಕಾಣದು. ಒಬ್ಬರ ಅಜ್ಜನನ್ನು ಒಪ್ಪಿದರೆ ಎಲ್ಲರ ಅಜ್ಜಂದಿರನ್ನೂ ಒಪ್ಪಬೇಕಾಗುವುದು, ಅಜ್ಜಂದಿರೆಲ್ಲರೂ ಒಂದೇ ಮಾತನ್ನು ಹೇಳಿದವರಲ್ಲ. ಅಜ್ಜನ ನೆನಪನ್ನು ಮೊದಲು ಯಾವುದಾದರೂ ಪತ್ರಿಕೆಯಲ್ಲಿ ಹೆಸರು ಹಾಕಿ ಪ್ರಕಟಿಸಲಿ. ಅಲ್ಲಿ ಅದು ಪರೀಕ್ಷೆಗೆ ಬರಲಿ. ಆಮೇಲೆ ವಿಶ್ವಕೋಶಕ್ಕೆ ಹೋಗಲಿ. ಇದು ಸುತ್ತುದಾರಿಯೇ. ಆದರೂ ನೆನಪನ್ನು ಉಳಿಸುವ ದಾರಿ.

ಹೆಸರಿನ ವಿಚಾರ ಬಂದುದರಿಂದ ಒಂದು ಮಾತು ನೆನಪಾಗುವುದು. ಆ ಮೊಳಕಾಲ್ಮೂರಿನ ಶಾಸನಗಳ ಕೊನೆಯಲ್ಲಿ, ಬರೆದವನು ಚಪಡನೆಂದು ಲಿಪಿಕಾರನ ಹೆಸರಿರುವುದು. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ಲಿಪಿಕಾರನೆಂಬ ಮಾತನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಕೊರೆದಿರುವನು. ಚಕ್ರವರ್ತಿಯ ಮಾತಿಗೆ ಕೈಯಾದವನಿಗೂ ತನ್ನ ಕೈಯ ಗುರುತನ್ನು ಬಿಡಬೇಕೆಂಬ ಆಸೆಯಿದ್ದಿತು. ಪುಟದ ಇತಿಹಾಸದಲ್ಲಿ ಹೆಸರನ್ನು ಬಿಟ್ಟು ಹೋಗುವ ನಮ್ಮ ಇಂದಿನ ಲಿಪಿಕಾರರು ಅವನ ವಂಶದವರೇ ಎನ್ನಬಹುದು.

ಇನ್ನು ಕಾವಲುಗಾರನ ನಡತೆ. ಕಾಲುವೆಯ ಕೆಳಗಿನ ಊರವರಿಗೆ ನೀರಗಂಟಿಯ ಕೆಲಸವೇನೆಂಬುದು ಚೆನ್ನಾಗಿ ಗೊತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅವನ ಕೈಯಲ್ಲಿರುವುದು. ಕಾಲುವೆಯ ತಲೆಯ ಕಡೆಯವರು ಎಳೆದುಕೊಂಡರೆ ತುದಿಯವರ ಪೈರು ಒಣಗುವುದು, ಈ ಕೂಗು ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಇಂದು ನಿನ್ನೆಯದಲ್ಲ. ಇಂತಹ ಕೆಲಸದಲ್ಲಿರುವವನು ತನ್ನ ಗದ್ದೆಗೂ ತನ್ನ ಭಾವಮೈದುನನ ಗದ್ದೆಗೂ ತಾನೇ ತೂಬು ತೆರೆಯಕೂಡದು. ಇನ್ನೊಬ್ಬನನ್ನು ಕರೆದು ತೆರೆಯಿಸಬೇಕು. ವಿಕಿಪೀಡಿಯದಲ್ಲಿಯೂ ಇದೇ ಕಟ್ಟಳೆ. ತಾನು ಪಕ್ಷಗಾರನಾಗಿರುವ ಜಗಳದಲ್ಲಿ ನಿರ್ವಾಹಕನು ತನ್ನ ಕೀಲಿಯನ್ನು ಬಳಸಬಾರದು; ಬೇರೆ ನಿರ್ವಾಹಕನನ್ನು ಕೇಳಬೇಕು. ತನ್ನ ವಿಚಾರವನ್ನೂ ತನ್ನ ಸಂಸ್ಥೆಯ ವಿಚಾರವನ್ನೂ ತಾನೇ ಬರೆದುಕೊಳ್ಳಬಾರದು. ಹಣ ಪಡೆದು ಬರೆದರೆ ಪಡೆದೆನೆಂದು ಬಹಿರಂಗಪಡಿಸಬೇಕು. ನಿಯಮವು ಚೆನ್ನಾಗಿರುವುದು. ಆದರೆ ಬೇರೆ ನಿರ್ವಾಹಕನನ್ನು ಕೇಳಬೇಕೆಂದರೆ ಬೇರೆ ನಿರ್ವಾಹಕನು ಇರಬೇಕಷ್ಟೆ! ಒಟ್ಟು ನಾಲ್ಕೈದು ಮಂದಿ ಇರುವೆಡೆ ಎಲ್ಲರೂ ಎಲ್ಲರಿಗೂ ಪರಿಚಿತರು. ಒಬ್ಬನನ್ನು ಇನ್ನೊಬ್ಬನು ಪ್ರಶ್ನಿಸಿದರೆ ಸ್ನೇಹ ಕೆಡುವುದು, ಪ್ರಶ್ನಿಸದಿದ್ದರೆ ಕೆಲಸ ಕೆಡುವುದು. ಸಣ್ಣ ಭಾಷೆಯ ಸಮುದಾಯಗಳ ಕಷ್ಟವೆಲ್ಲ ಇಲ್ಲಿರುವುದು.

ನಡತೆಯಲ್ಲಿ ಮಾತೇ ಮೊದಲನೆಯದು. ನಮ್ಮ ಕಲ್ಯಾಣ ಕರ್ನಾಟಕದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದೊಳಗೆ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಒಂದು ಕಲ್ಲುಹಲಗೆಯ ಮೇಲೆ ಅಶೋಕನ ಹನ್ನೆರಡನೆಯ ಶಾಸನವು ದೊರೆತಿರುವುದು. ಬೇರೆ ಬೇರೆ ಪಂಥದವರು ವಾದಿಸುವಾಗ ಹೇಗಿರಬೇಕೆಂಬುದೇ ಅದರ ವಿಷಯ. ಎಲ್ಲ ಪಂಥಗಳ ಸಾರವೂ ಬೆಳೆಯಲಿ, ಅದಕ್ಕೆ ಮೂಲವು ಮಾತಿನ ಹಿಡಿತ, ಸಲ್ಲದ ಸಮಯದಲ್ಲಿ ತನ್ನದನ್ನು ಹೊಗಳುವುದೂ ಪರರದನ್ನು ಹಳಿಯುವುದೂ ಬೇಡ, ಸಲ್ಲುವ ಸಮಯದಲ್ಲಿಯೂ ಹಗುರವಾಗಿ ಆಡಬೇಕು, ತನ್ನ ಪಂಥದ ಮೇಲಣ ಮಮತೆಯಿಂದ ಪರಪಂಥವನ್ನು ಹಳಿದವನು ತನ್ನದಕ್ಕೇ ಕೇಡು ಮಾಡುವನು, ಎಂಬುದು ಅದರ ತಾತ್ಪರ್ಯ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನವು ೨೦೨೧ರಲ್ಲಿ ತನ್ನ ಎಲ್ಲ ಭಾಷೆಗಳ ಯೋಜನೆಗಳಿಗೂ ಸಾರ್ವತ್ರಿಕ ನಡವಳಿಕೆಯ ಸಂಹಿತೆಯೊಂದನ್ನು ಘೋಷಿಸಿತು. ಬರಹವನ್ನು ಟೀಕಿಸು, ಬರೆದವನನ್ನು ಅವಮಾನಿಸಬೇಡ. ಎದುರಿರುವವನು ಒಳ್ಳೆಯ ಉದ್ದೇಶದಿಂದಲೇ ಬಂದಿರುವನೆಂದು ಮೊದಲು ನಂಬು. ಅಧಿಕಾರವಿದ್ದವನು ಅದನ್ನು ಬೆದರಿಕೆಗೆ ಬಳಸಬಾರದು. ಇವೇ ಮೊದಲಾದ ಮಾತುಗಳು ಅದರಲ್ಲಿರುವುವು. ಎರಡು ಸಾವಿರ ವರ್ಷಗಳ ಅಂತರವಿದ್ದರೂ ಕಲ್ಲಿನ ಮಾತಿಗೂ ಈ ಮಾತಿಗೂ ನಮಗೆ ಹೆಚ್ಚಿನ ಭೇದವು ಕಾಣಲಿಲ್ಲ. ಕಲ್ಲಿನ ನಡುವೆ ವಿಗ್ರಹದ ಬುಡಕ್ಕಾಗಿ ಯಾರೋ ಕುಳಿ ತೋಡಿ ಕೆಲವು ಅಕ್ಷರಗಳನ್ನು ಹಾಳುಮಾಡಿರುವುದನ್ನೂ ಹೇಳಬೇಕು. ನಿಯಮವನ್ನು ಓದಲಾರದವರ ಕೈಗೆ ಸಿಕ್ಕಿದ ನಿಯಮಕ್ಕೆ ಆಗುವ ಗತಿ ಅದು.

ಕಾವಲು ಕೆಟ್ಟರೆ ಏನಾಗುವುದೆಂಬುದಕ್ಕೆ ಹೊರನಾಡಿನಿಂದ ಮೂರು ನಿದರ್ಶನಗಳು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಸ್‌ಜೇ ಎಂಬ ಹೆಸರಿನಿಂದ ಒಬ್ಬನು ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕನೆಂದು ಹೇಳಿಕೊಂಡು ದೊಡ್ಡ ನಿರ್ವಾಹಕನಾಗಿ ಬೆಳೆದಿದ್ದನು. ೨೦೦೭ರಲ್ಲಿ ಅವನು ಪದವಿಯಿಲ್ಲದ ಇಪ್ಪತ್ತನಾಲ್ಕರ ತರುಣನೆಂದು ಬಯಲಾಯಿತು. ಪದವಿಯನ್ನು ಕೇಳದಿದ್ದ ಸಭೆಯಲ್ಲಿ ಇಲ್ಲದ ಪದವಿಯನ್ನು ತಾನೇ ಹೊದೆದುಕೊಂಡು ವಾದದಲ್ಲಿ ಗೆಲ್ಲಲು ಬಳಸಿದನೆಂಬುದೇ ಅವನ ಅಪರಾಧ. ಕ್ರೊಯೇಷಿಯನ್ ಭಾಷೆಯ ವಿಕಿಪೀಡಿಯದಲ್ಲಿ ಕೆಲವೇ ನಿರ್ವಾಹಕರು ಒಂದಾಗಿ, ಒಪ್ಪದವರನ್ನು ಹೊರಗಟ್ಟುತ್ತ, ವರ್ಷಗಟ್ಟಲೆ ತಮ್ಮ ದೇಶದ ಯುದ್ಧಕಾಲದ ಚರಿತ್ರೆಯನ್ನು ತಮಗೆ ಬೇಕಾದಂತೆ ಬಾಗಿಸಿದರೆಂದು ೨೦೨೧ರಲ್ಲಿ ಪ್ರಕಟವಾದ ವರದಿಯು ಹೇಳಿತು. ೨೦೨೦ರಲ್ಲಿ ಸ್ಕಾಟ್ಸ್ ಭಾಷೆಯ ಸಂಗತಿಯು ಹೊರಬಿತ್ತು. ಆ ನುಡಿಯನ್ನು ಅರಿಯದ ಅಮೆರಿಕದ ಒಬ್ಬ ಹುಡುಗನು ತನ್ನ ಹನ್ನೆರಡನೆಯ ವಯಸ್ಸಿನಿಂದ ಮೊದಲುಗೊಂಡು ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಅದರಲ್ಲಿ ಬರೆದಿದ್ದನು; ನಿರ್ವಾಹಕನೂ ಆಗಿದ್ದನು. ಅವನಿಗೆ ಕೆಟ್ಟ ಉದ್ದೇಶವಿರಲಿಲ್ಲ. ನೋಡಿ ಹೇಳುವವರು ಇರಲಿಲ್ಲ, ಅಷ್ಟೆ. ಸಂಗತಿಯು ಬಯಲಾದ ಮೇಲೆ ಅವನ ಮೇಲೆ ಸುರಿದ ಬೈಗುಳದ ಮಳೆಯನ್ನು ನೆನೆದರೆ, ವರ್ಷಾನುವರ್ಷ ಸುಮ್ಮನಿದ್ದ ಭಾಷಾಭಿಮಾನಿಗಳು ಆ ಒಂದು ದಿನ ಎಲ್ಲಿಂದ ಬಂದರೋ ಎನಿಸುವುದು.

ಕನ್ನಡಕ್ಕೂ ಒಂದು ಪರೀಕ್ಷೆ ಬಂದಿದ್ದಿತು. ೨೦೦೯ರ ಹೊತ್ತಿಗೆ ಗೂಗಲ್ ಸಂಸ್ಥೆಯು ಭಾರತದ ಕೆಲವು ಭಾಷೆಗಳಲ್ಲಿ ತನ್ನ ಅನುವಾದದ ಸಲಕರಣೆಯನ್ನು ಕೊಟ್ಟು, ಕೂಲಿ ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಭಾಷಾಂತರಿಸಿ ಆಯಾ ಭಾಷೆಯ ವಿಕಿಪೀಡಿಯಗಳಿಗೆ ಸೇರಿಸತೊಡಗಿತು. ಲೇಖನಗಳು ಉದ್ದವಾಗಿದ್ದುವು, ಕೆಳಗೆ ಆಧಾರಗಳ ಸಾಲೂ ಇದ್ದಿತು. ಆದರೆ ವಾಕ್ಯಗಳು ಕನ್ನಡದ ಮೈಯಲ್ಲಿ ಇಂಗ್ಲಿಷಿನ ಎಲುಬುಗಳಂತಿದ್ದುವು. ವಿಷಯಗಳೂ ಹೆಚ್ಚಾಗಿ ಪರದೇಶದ ಚಿತ್ರತಾರೆಯರು, ಕಂಪನಿಗಳು, ರೋಗಗಳು. ಬಂಗಾಳಿಯವರು ಇಂತಹ ಬರಹವು ತಮಗೆ ಬೇಡವೆಂದು ಖಂಡತುಂಡವಾಗಿ ಹೇಳಿ ನಿರಾಕರಿಸಿದರು. ತಮಿಳರು ಕುಳಿತು ಮಾತನಾಡಿ, ಇಂತಿಂತಹ ವಿಷಯ, ಇಷ್ಟು ಗುಣ ಎಂದು ಷರತ್ತು ಹಾಕಿದರು. ಕನ್ನಡದಲ್ಲಿ ಲೇಖನಗಳು ಬಂದು ನೆಲಸಿಯೇ ಬಿಟ್ಟುವು. ೨೦೧೧ರಲ್ಲಿ ಸಂಸ್ಥೆಯು ಆ ಕಾರ್ಯವನ್ನು ನಿಲ್ಲಿಸಿತು. ಕಸವನ್ನು ತಿದ್ದುವ ಕೆಲಸವು ಸಂಬಳವಿಲ್ಲದವರ ತಲೆಗೆ ಉಳಿಯಿತು. ಸಂಬಳ ಪಡೆದವರು ಬರೆದುದನ್ನು ಸಂಬಳವಿಲ್ಲದವರು ವರ್ಷಗಟ್ಟಲೆ ತಿದ್ದುತ್ತ ಕುಳಿತಿರುವುದು ನಮಗೆ ನ್ಯಾಯವಾಗಿ ಕಾಣಲಿಲ್ಲ. ಅಂದು ನಮ್ಮಲ್ಲಿ ಇನ್ನೂ ಹತ್ತು ಮಂದಿ ಕಾವಲಿಗಿದ್ದಿದ್ದರೆ ಬಂಗಾಳಿಯವರಂತೆ ಬಾಗಿಲಲ್ಲಿ ನಿಲ್ಲಿಸಬಹುದಾಗಿದ್ದಿತೆಂದೇ ನಾವು ತಿಳಿದಿರುವೆವು. ಈಗಲಂತೂ ಯಂತ್ರವೇ ಒಂದು ಗಳಿಗೆಯಲ್ಲಿ ಪುಟಗಟ್ಟಲೆ ಕನ್ನಡವನ್ನು ಹೊಸೆದುಕೊಡುವುದು. ಅದು ನೋಡಲು ಹಿಂದಿನದಕ್ಕಿಂತ ನಯವಾಗಿರುವುದು. ಇಲ್ಲದ ಗ್ರಂಥವನ್ನು ಇದೆಯೆಂದು ಹೇಳುವ ಚಾಳಿಯೂ ಅದಕ್ಕುಂಟು. ಅಂತಹ ಒಂದು ಲೇಖನವನ್ನು ಹಾಕಲು ಒಂದು ನಿಮಿಷ ಸಾಕು, ಅದರ ಆಧಾರಗಳನ್ನೆಲ್ಲ ಹುಡುಕಿ ಪರೀಕ್ಷಿಸಲು ಒಂದು ಸಂಜೆ ಬೇಕು.

ಈ ಎಲ್ಲ ವಿಷಯದಲ್ಲಿ ಮನೆಗೆ ಸಂಬಂಧವೇನೆಂದು ಕೇಳಬಹುದು. ೨೦೧೧ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಂದ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನ ಬರೆಯಿಸುವ ಒಂದು ಪ್ರಯತ್ನವು ನಡೆಯಿತು. ಉದ್ದೇಶವು ಉತ್ತಮವಾದುದು. ಆದರೆ ಬಹಳ ಮಂದಿ ವಿದ್ಯಾರ್ಥಿಗಳು ಪಠ್ಯಪುಸ್ತಕಗಳಿಂದಲೂ ಅಂತರ್ಜಾಲದಿಂದಲೂ ಇದ್ದುದನ್ನು ಇದ್ದಂತೆ ಎತ್ತಿ ಹಾಕಿದರು. ಸ್ವಯಂಸೇವಕರು ಅಳಿಸಿ ಅಳಿಸಿ ಸೋತರು; ಅದೇ ವರ್ಷದ ಕೊನೆಯಲ್ಲಿ ಪ್ರಯತ್ನವನ್ನೇ ಮುಚ್ಚಬೇಕಾಯಿತು. ಆ ಹುಡುಗರನ್ನು ಕಳ್ಳರೆಂದು ಕರೆಯಲು ನಮಗೆ ಮನಸ್ಸಿಲ್ಲ. ನಕಲು ಮಾಡುವುದು ಅಪರಾಧವೆಂದು ಅವರಿಗೆ ಯಾರು ಯಾವಾಗ ಹೇಳಿದ್ದರು? ಮೂರನೆಯ ತರಗತಿಯಿಂದ ಶಾಲೆಯಲ್ಲಿ ಪ್ರಾಜೆಕ್ಟ್ ಎಂಬುದನ್ನು ಕೊಡುವರು. ರಾತ್ರಿ ಒಂಬತ್ತು ಗಂಟೆಗೆ ಮಗುವಿಗೆ ಅದು ನೆನಪಾಗುವುದು. ತಂದೆಯು ಅಂಗಡಿಗೆ ಓಡಿ ಚಿತ್ರಗಳ ಹಾಳೆಯನ್ನು ತರುವನು; ತಾಯಿಯು ಮೊಬೈಲಿನಿಂದ ನೋಡಿ ದುಂಡಾದ ಅಕ್ಷರದಲ್ಲಿ ಬರೆದುಕೊಡುವಳು; ಮಗುವು ನಿದ್ದೆ ಹೋಗಿರುವುದು. ಮರುದಿನ ‘ಬಹಳ ಚೆನ್ನಾಗಿದೆ’ ಎಂಬ ಕೆಂಪು ಅಕ್ಷರದೊಡನೆ ಅದು ಹಿಂದಿರುಗುವುದು. ಪರರು ಬರೆದುದನ್ನು ತನ್ನದೆಂದು ಕೊಟ್ಟರೆ ಮೆಚ್ಚಿಗೆ ದೊರೆಯುವುದೆಂದು ಆ ಮಗುವು ಕಲಿತುದು ಶಾಲೆಯಲ್ಲಿಯೂ ಅಲ್ಲ, ಅಂತರ್ಜಾಲದಲ್ಲಿಯೂ ಅಲ್ಲ, ಅಡಿಗೆಮನೆಯ ಪಕ್ಕದ ಮೇಜಿನ ಮೇಲೆ. ಹತ್ತು ವರ್ಷಗಳ ತರುವಾಯ ಅದೇ ಮಗುವಿನ ಲೇಖನವನ್ನು ಒಬ್ಬ ಅಪರಿಚಿತನು ಅಳಿಸಿದಾಗ ಅದಕ್ಕೆ ಅನ್ಯಾಯವಾದಂತೆ ತೋರಿದರೆ ಆಶ್ಚರ್ಯವೇನು? ‘ಇದನ್ನು ಎಲ್ಲಿ ಓದಿದೆ, ಅದನ್ನು ಕೆಳಗೆ ಬರೆ’ ಎಂದು ಆ ಮೇಜಿನ ಬಳಿಯೇ ಒಂದು ಮಾತು ಹೇಳಿದರೆ ಅರ್ಧ ಕಾವಲು ಅಲ್ಲಿಯೇ ನಡೆದಂತಾಯಿತು.

ಸ್ತ್ರೀಯರು ಈ ಕೆಲಸಕ್ಕೆ ಸೇರಬಹುದೇ ಎಂಬ ಸಂದೇಹವು ನಮ್ಮ ಓದುಗರಲ್ಲಿ ಕೆಲವರಿಗೆ ಬರಬಹುದು. ಸೇರಬಹುದು ಎಂಬುದಕ್ಕಿಂತ ಸೇರಬೇಕು ಎಂದೇ ಹೇಳುವೆವು. ವಿಕಿಪೀಡಿಯವನ್ನು ಬರೆಯುವವರಲ್ಲಿ ಹೆಂಗಸರು ಎಲ್ಲ ಭಾಷೆಗಳಲ್ಲಿಯೂ ಬಹಳ ಕಡಿಮೆ. ಅದರ ಫಲವಾಗಿ ಯುದ್ಧ, ಕ್ರಿಕೆಟ್ಟು, ಸಿನಿಮಾಗಳ ಮಾತು ತುಂಬಿ, ಕೌದಿ ಹೊಲಿಯುವುದು, ಹಪ್ಪಳ ಸಂಡಿಗೆ, ಬಾಣಂತನದ ಪದ್ಧತಿ ಇವುಗಳ ಮಾತು ತೆಳುವಾಗಿರುವುದು. ಸ್ವಂತ ಹೆಸರನ್ನು ಕೊಡಲೇಬೇಕೆಂಬ ಕಟ್ಟಳೆಯಿಲ್ಲ. ಇಟ್ಟುಕೊಂಡ ಒಂದು ಹೆಸರಿನಿಂದ ಬರೆಯಬಹುದು. ಬೇರೆಯವರ ನಿಜವಾದ ಹೆಸರನ್ನೂ ವಿಳಾಸವನ್ನೂ ಬಯಲು ಮಾಡುವುದು ಅಲ್ಲಿ ದೊಡ್ಡ ಅಪರಾಧವೆಂದು ಎಣಿಸಲ್ಪಡುವುದು. ಎಳೆಯ ಹೆಣ್ಣುಮಕ್ಕಳಿಗೆ ಇಟ್ಟುಕೊಂಡ ಹೆಸರೇ ಮೇಲು. ಒಂದೇ ವ್ಯಕ್ತಿಯು ಎರಡು ಹೆಸರಿಟ್ಟುಕೊಂಡು ತನ್ನ ಮಾತಿಗೆ ತಾನೇ ತಲೆದೂಗುವುದು ಮಾತ್ರ ಸಲ್ಲದು.

ಮೊದಲ ದಿನವೇ ಲೇಖನವನ್ನು ಬರೆಯಹೋಗುವುದು ಬೇಡ. ತಮ್ಮ ಊರಿನ ಪುಟವನ್ನು ತೆರೆದು ಓದಿ, ಕಾಗುಣಿತವು ತಪ್ಪಿದ್ದರೆ ತಿದ್ದಲಿ. ಹಳೆಯ ತಾಲ್ಲೂಕಿನ ಹೆಸರಿದ್ದರೆ ಹೊಸದನ್ನು ಬರೆದು, ಅದಕ್ಕೆ ಆಧಾರವನ್ನು ಕಾಣಿಸಲಿ. ಗುಡಿಯದೋ ಕೆರೆಯದೋ ಚಿತ್ರವನ್ನು ಹಾಕುವುದಾದರೆ ತಾವೇ ತೆಗೆದುದನ್ನು ಹಾಕಲಿ. ವರ್ತಮಾನ ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಹಾಕಕೂಡದು. ಯಾರಾದರೂ ತಾವು ಬರೆದುದನ್ನು ತೆಗೆದರೆ ಕೂಡಲೇ ಮತ್ತೆ ಸೇರಿಸದೆ, ಪುಟದ ಜೊತೆಗಿರುವ ಚರ್ಚೆಯ ಪುಟದಲ್ಲಿ ಏಕೆಂದು ಕೇಳಲಿ. ಉತ್ತರವು ಬರಲು ಒಂದು ವಾರವಾದರೂ ಆಗಬಹುದು. ಅಲ್ಲಿರುವವರೂ ಹಗಲೆಲ್ಲ ಬೇರೆ ಕೆಲಸ ಮಾಡಿ, ಮನೆಯವರು ಮಲಗಿದ ಮೇಲೆ ಬಂದು ಕೂಡುವವರು.